ಮರದ ಮುಖದ ಮೊರಿನ್ ಖೂರ್: ಊರು ಬಿಟ್ಟು ದುಡಿಯುವ ಖೂಮಿ ಗಾಯಕನಿಗೆ ಇದು ಒಗ್ಗುತ್ತದೆಯೇ?

ಖೂಮಿ ಎಂದರೆ ಒಂದೇ ಗಂಟಲಿನಿಂದ ಒಟ್ಟಿಗೆ ಎರಡು ಸ್ವರ ಹೊರಡಿಸುವ ಮಂಗೋಲಿಯಾದ ಹಾಡುಗಾರಿಕೆ; ಮೊರಿನ್ ಖೂರ್ ಎಂದರೆ ಕಮಾನಿನಿಂದ ನುಡಿಸುವ, ಕುದುರೆತಲೆಯ ವಾದ್ಯ; ಅದರ ಮುಖ ಎಂದರೆ ನಾದಪೆಟ್ಟಿಗೆಯ ಮುಂಬದಿ. ಮೊದಲೇ ತೀರ್ಪು ಹೇಳಿಬಿಡೋಣ. ಮಂಗೋಲಿಯಾ ಬಿಟ್ಟು ಜರ್ಮನಿ, ಆಸ್ಟ್ರೇಲಿಯಾ, ಅಮೆರಿಕದ ವೇದಿಕೆಗಳನ್ನು ನಂಬಿ ಹೊರಟ ಖೂಮಿ ಗಾಯಕ ಒಂದೇ ಒಂದು ವಾದ್ಯ ಒಯ್ಯಬಹುದು ಅಂತಾದರೆ, ಅದು ಮರದ ಮುಖದ, ನೈಲಾನ್ ತಂತಿಯ, ಗಿಯರ್ ಬಿರಡೆಯ ಮೊರಿನ್ ಖೂರ್ ಆಗಿರಲಿ. ಚರ್ಮದ ಮುಖದ ಹಳೇ ಮಾದರಿಯ ನಾದ ಇದಕ್ಕಿಂತ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಛೇರಿ ಶುರುವಾಗುವ ಹೊತ್ತಿಗೆ ಶ್ರುತಿಯಲ್ಲಿ ನಿಂತಿರುವುದು ಇದೇ. ಹಾಗಂತ ಅಂಗಡಿಯಿಂದ ತಂದದ್ದನ್ನು ತಂದ ಹಾಗೇ ವೇದಿಕೆಗೆ ಏರಿಸುವಂತಿಲ್ಲ. ತಂತಿ, ಅದನ್ನು ಎತ್ತಿ ಹಿಡಿಯುವ ಎರಡು ಬ್ರಿಡ್ಜ್, ದನಿಯನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್, ವಾದ್ಯ ಒಯ್ಯುವ ಪೆಟ್ಟಿಗೆ, ಇಷ್ಟರ ಮೇಲೆ ಕೈಯಾಡಿಸದಿದ್ದರೆ ಮೊದಲ ಪ್ರವಾಸದಲ್ಲೇ ಕೈಕೊಡುತ್ತದೆ.

ಈ ವಿಮರ್ಶೆ ಮನೆಯ ಗೋಡೆಗೆ ತೂಗುಹಾಕುವವರಿಗಲ್ಲ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನ ಸ್ಮರಣಿಕೆ ಅಂಗಡಿಗಳಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ತಲೆಯ ಕೆತ್ತನೆಗೆ ಹಾಕಿದ ಶ್ರಮದ ಕಾಲುಭಾಗವೂ ಒಳಗಿನ ಕಟ್ಟಿಗೆ ಹೋಗಿರುವುದಿಲ್ಲ. ಇಲ್ಲಿ ಮಾತಾಡುತ್ತಿರುವುದು ವೃತ್ತಿಪರ ದರ್ಜೆಯ ವಾದ್ಯದ ಬಗ್ಗೆ, ಅದೂ ಹಾಡು ಮತ್ತು ವಾದನ ಎರಡನ್ನೂ ಒಬ್ಬನೇ ಒಟ್ಟಿಗೆ ಮಾಡಬೇಕಾದವನ ದೃಷ್ಟಿಯಿಂದ. ಅಂಥವರ ಸಂಖ್ಯೆ ಈಗ ಸಣ್ಣದಲ್ಲ. 1991ರಲ್ಲಿ ಉಲಾನ್‌ಬಾತರಿನ ಸಂಗೀತ ವಿದ್ಯಾರ್ಥಿಗಳು ಕಟ್ಟಿದ ಎಗ್ಶಿಗ್ಲೆನ್ ತಂಡ ಜರ್ಮನಿಯಲ್ಲಿ ನೆಲೆಯೂರಿತು. ಖೂಮಿಗೆ ಹೆಸರಾದ ಖೋವ್ದ್ ಪ್ರಾಂತ್ಯದ ಚಂದ್ಮನ್‌ನ ಹೋಸೂ ಕೂಡ ಅಲ್ಲೇ ಬೇರುಬಿಟ್ಟರು. ಎಪಿ ಎಂದೇ ಪರಿಚಿತರಾದ ಎಂಖ್‌ಜರ್ಗಲ್, ಬಲ್ಗೇರಿಯಾದ ಗದುಲ್ಕಾ (ಕಮಾನಿನ ಜನಪದ ವಾದ್ಯ) ವಾದಕ ಮತ್ತು ಫ್ರಾನ್ಸಿನ ತಾಳವಾದ್ಯಗಾರರ ಜೊತೆ ಸೇರಿ ವಿಯೊಲೊನ್ ಬಾರ್ಬಾರ್ ಎಂಬ ಮೂವರ ತಂಡದಲ್ಲಿ ನುಡಿಸುತ್ತಾರೆ. ಬುಖು ಸಿಡ್ನಿಯಲ್ಲಿದ್ದಾರೆ. 2016ರಲ್ಲಿ ಶುರುವಾದ ದಿ ಹು ತಂಡವಂತೂ ಇದೇ ವಾದ್ಯವನ್ನು ರಾಕ್ ಉತ್ಸವಗಳ ದೊಡ್ಡ ವೇದಿಕೆಗೆ ಒಯ್ದಿತು. ಒಬ್ಬೊಬ್ಬರ ಸಂಗೀತ ಒಂದೊಂದು ಬಗೆ. ಆದರೆ ತಂತಿ ತುಂಡಾದರೆ ಕಟ್ಟಿಕೊಡುವ ಕೈ ಇರುವುದು ಸಾವಿರಾರು ಕಿಲೋಮೀಟರ್ ಆಚೆ ಎಂಬ ಕಷ್ಟ ಎಲ್ಲರಿಗೂ ಒಂದೇ.

ವಾದ್ಯ ಕೈಗೆ ಬಂದಾಗ

ಮೇಲೆ ಕುದುರೆಯ ತಲೆ, ಕೆಳಗೆ ಬುಡ ಅಗಲ ತುದಿ ಕಿರಿದಾದ ಪೆಟ್ಟಿಗೆ, ನಡುವೆ ಉದ್ದ ದಂಡಿ, ಎರಡೇ ತಂತಿ. ಒಟ್ಟು ಉದ್ದ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಚಿಕ್ಕ ಬ್ರಿಡ್ಜ್‌ನಿಂದ ಕೆಳಗಿನ ದೊಡ್ಡ ಬ್ರಿಡ್ಜ್‌ವರೆಗೆ ತಂತಿಯ ನುಡಿಯುವ ಉದ್ದ ಸುಮಾರು 60 ಸೆಂ.ಮೀ. ಮುಖಕ್ಕೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕಗಳಿಗೆ ಬರ್ಚ್ ಅಥವಾ ಮೇಪಲ್. ಮುಖದಲ್ಲಿ ಪಿಟೀಲಿನ ಹಾಗೆ ಎರಡು ಎಫ್ ಆಕಾರದ ರಂಧ್ರ, ಒಳಗೆ ಪಿಟೀಲಿನ ಹಾಗೆಯೇ ಮುಖಕ್ಕೂ ಬೆನ್ನಿಗೂ ನಡುವೆ ನಿಲ್ಲಿಸಿದ ಮರದ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್. ಇದು ತೀರಾ ಹಳೆಯ ವಿನ್ಯಾಸವಲ್ಲ. ಮೊದಲು ಮುಖಕ್ಕೆ ಒಂಟೆಮರಿ, ಆಡು ಅಥವಾ ಕುರಿಯ ಚರ್ಮ ಬಿಗಿಯುತ್ತಿದ್ದರು. 1960ರ ದಶಕದಲ್ಲಿ ಸೋವಿಯತ್ ವಾದ್ಯತಯಾರಕ ಯಾರೊವೊಯ್ ಮಂಗೋಲಿಯಾಕ್ಕೆ ಬಂದು ಅಲ್ಲಿನವರ ಜೊತೆ ಕೆಲಸ ಮಾಡಿದ ಮೇಲೆ ಮರದ ಮುಖ ನೆಲೆ ನಿಂತಿತು. ಗುಡಾರದೊಳಗೆ ಹತ್ತು ಜನಕ್ಕೆ ಕೇಳಿದರೆ ಸಾಕಾಗಿದ್ದ ವಾದ್ಯ ಸಭಾಂಗಣದ ಕೊನೆಯ ಸಾಲಿಗೆ ಮುಟ್ಟಬೇಕಾಗಿ ಬಂದದ್ದೇ ಈ ಬದಲಾವಣೆಗೆ ಕಾರಣ. ಜಮ್ಯಾನ್ ಅವರಂಥ ಗುರುಗಳು ಶ್ರುತಿಯನ್ನೂ ಬೆರಳುಕ್ರಮವನ್ನೂ ಪಾಠಕ್ಕೆ ಒಗ್ಗುವಂತೆ ಒಪ್ಪಮಾಡಿದರು.

ಕೊಳ್ಳುವಾಗ ತಲೆಯ ಕೆತ್ತನೆ ನೋಡಿ ಮಾರುಹೋಗಬೇಡಿ. ಮೊದಲು ದಂಡಿ ಪೆಟ್ಟಿಗೆಗೆ ಸೇರುವ ಜಾಗ ನೋಡಿ. ಅಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಕೆಳಗಿಟ್ಟುಬಿಡಿ. ಆಮೇಲೆ ಎರಡು ತಂತಿಗಳ ನಡುವಿನ ಅಂತರ. ಈ ವಾದ್ಯದಲ್ಲಿ ತಂತಿಯನ್ನು ಹಲಗೆಗೆ ಅದುಮುವುದಿಲ್ಲ, ತಂತಿ ಗಾಳಿಯಲ್ಲೇ ಇರುತ್ತದೆ. ತೋರುಬೆರಳು, ನಡುಬೆರಳು ಉಗುರಿನ ಬುಡದಿಂದ ತಂತಿಯನ್ನು ಪಕ್ಕದಿಂದ ಒತ್ತುತ್ತವೆ. ಕಿರುಬೆರಳು ದಪ್ಪ ತಂತಿಯ ಅಡಿಯಿಂದ ತೂರಿ ತೆಳು ತಂತಿಯನ್ನು ತುದಿಯಲ್ಲಿ ಮುಟ್ಟುತ್ತದೆ. ಆ ಕಿರುಬೆರಳು ಸಲೀಸಾಗಿ ಒಳಗೆ ಹೋಗಬೇಕು. ಹೋಗದಿದ್ದರೆ ಬ್ರಿಡ್ಜ್‌ನ ಗೀರುಗಳನ್ನು ದೂರ ಮಾಡಿಕೊಡಲು ಅಲ್ಲೇ ಕೇಳಿ. ತಯಾರಕ ಕೈಯಳತೆಯಲ್ಲೇ ಐದು ನಿಮಿಷಕ್ಕೆ ಮಾಡುವ ಕೆಲಸವನ್ನು ಹೊರದೇಶದ ಪಿಟೀಲು ರಿಪೇರಿಯವನಿಗೆ ವಿವರಿಸಲು ಅರ್ಧ ದಿನ ಬೇಕು.

ಬಿರಡೆ ಗಿಯರಿನದೇ ಇರಲಿ. ಶುದ್ಧ ಮರದ ಬಿರಡೆ ನೋಡಲು ಚೆಂದ. ಆದರೆ ಒಣಹವೆಯಲ್ಲಿ ಜಾರುತ್ತದೆ, ತೇವದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಉತ್ಸವದಲ್ಲಿ ಒಂದು ತಂಡ ಇಳಿದು ಇನ್ನೊಂದು ಏರುವ ನಡುವೆ ಸಿಗುವುದು ಹೆಚ್ಚೆಂದರೆ ಕಾಲು ಗಂಟೆ. ಅಷ್ಟರಲ್ಲಿ ಬಿರಡೆಯ ಜೊತೆ ಕುಸ್ತಿ ಆಡುವುದಕ್ಕೆ ಸಮಯವಿಲ್ಲ.

ತಂತಿ: ಅರ್ಧ ಜಗಳ ಇಲ್ಲೇ

ಮೊರಿನ್ ಖೂರಿನ ತಂತಿ ಒಂದೇ ಎಳೆಯದಲ್ಲ, ಎಳೆಗಳ ಕಟ್ಟು. ಸಂಪ್ರದಾಯದಲ್ಲಿ ದಪ್ಪ ತಂತಿಗೆ ಗಂಡು ಕುದುರೆಯ ಬಾಲದ ಸುಮಾರು 130 ಕೂದಲು, ತೆಳು ತಂತಿಗೆ ಹೆಣ್ಣು ಕುದುರೆಯ ಬಾಲದ ಸುಮಾರು 105. ಈಗಿನ ವೃತ್ತಿಪರರಲ್ಲಿ ಹೆಚ್ಚಿನವರು ಬಳಸುವುದು ನೈಲಾನ್ ಎಳೆಗಳ ಕಟ್ಟನ್ನು. ಕೂದಲು ಗಾಳಿಯ ತೇವ ಹೀರಿ ಉದ್ದವಾಗುತ್ತದೆ, ಶ್ರುತಿ ಇಳಿಯುತ್ತದೆ. ಬಿಸಿ ದೀಪದ ಕೆಳಗೆ ಒಣಗಿ ಮತ್ತೆ ಏರುತ್ತದೆ. ನೈಲಾನಿಗೂ ಈ ಗುಣ ಇಲ್ಲವೆಂದಲ್ಲ, ಆದರೆ ಬಹಳ ಕಡಿಮೆ. ಕಳೆದುಕೊಳ್ಳುವುದು ನಾದದ ಆ ಒರಟುತನವನ್ನು, ಕಮಾನು ಕಚ್ಚಿದೊಡನೆ ಬರುವ ಉಸಿರಿನಂಥ ಸದ್ದನ್ನು. ನೈಲಾನಿನ ದನಿ ನುಣುಪು. ಸ್ವಲ್ಪ ಜಾಸ್ತಿಯೇ ನುಣುಪು ಅನ್ನಬೇಕು. ಈ ವಾದ್ಯದ ಬಗ್ಗೆ ನಮ್ಮ ದೊಡ್ಡ ತಕರಾರು ಇದೇ. ಆದರೂ ಪ್ರವಾಸಕ್ಕೆ ನೈಲಾನೇ ಸರಿ.

ತಂತಿ ಬದಲಿಸುವುದನ್ನು ಊರು ಬಿಡುವ ಮುಂಚೆ ಕಲಿತುಕೊಳ್ಳಲೇಬೇಕು. ಕ್ರಮ ಹೀಗೆ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಗಿಯಾಗಿರುವಾಗಲೇ ಇನ್ನೊಂದನ್ನು ತೆಗೆಯಿರಿ. ಎರಡೂ ಸಡಿಲವಾದರೆ ಮುಖದ ಮೇಲಿನ ಒತ್ತಡ ಹೋಗಿ ಒಳಗಿನ ಸೌಂಡ್‌ಪೋಸ್ಟ್ ಬೀಳುತ್ತದೆ. ಹೊಸ ಕಟ್ಟಿನ ಎಳೆಗಳನ್ನು ಬಾಚಣಿಗೆಯಿಂದ ಬಾಚಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದು, ಎಲ್ಲ ಎಳೆಗೂ ಒಂದೇ ಬಿಗಿ ಬರುವಂತೆ ನೇರ ಮಾಡಿ. ಎರಡೂ ತುದಿಯಲ್ಲಿ ಗಂಟಿಗೆಂದು 10 ಸೆಂ.ಮೀ.ನಷ್ಟು ಹೆಚ್ಚು ಉದ್ದ ಇರಲಿ. ಕೆಳತುದಿಯನ್ನು ಸಿಕ್ಕಿಸಿ, ಮೇಲ್ತುದಿಯನ್ನು ದಾರದ ಕುಣಿಕೆಯ ಮೂಲಕ ಬಿರಡೆಗೆ ಸೇರಿಸುವಾಗ ಕಟ್ಟು ಒಂದು ಸುತ್ತೂ ತಿರುಚಿಕೊಳ್ಳಬಾರದು. ಕಟ್ಟು ತಿರುಚಿದರೆ ಕಮಾನಿಗೆ ಸಿಗುವುದು ಹೊರಮೈಯ ಕೆಲವೇ ಎಳೆ. ಉಳಿದವು ಒಳಗೇ ಗುಂಯ್‌ಗುಡುತ್ತವೆ. ಹೊಸ ತಂತಿಯಲ್ಲಿ ಜರ್‌ ಜರ್‌ ಸದ್ದು ಬಂದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ, ಬ್ರಿಡ್ಜನ್ನು ಬಯ್ಯಬೇಡಿ.

ಮೊದಲ ದಿನ ಗುರಿಗಿಂತ ಒಂದು ಸ್ವರ ಕೆಳಗೆ ನಿಲ್ಲಿಸಿ, ಮಾರನೇ ದಿನ ಪೂರ್ತಿ ಏರಿಸಿ. ನೈಲಾನ್ ಎಳೆದಷ್ಟೂ ನಿಧಾನಕ್ಕೆ ಹಿಗ್ಗುತ್ತಲೇ ಇರುತ್ತದೆ, ಮೂರು ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ. ಹಾಗಾಗಿ ಕಛೇರಿಯ ಹಿಂದಿನ ದಿನ ಹೊಸ ತಂತಿ ಹಾಕುವುದು ಮೂರ್ಖತನ. ಹೊಸ ನೈಲಾನ್ ಮೇಲೆ ಕಮಾನು ಜಾರುತ್ತದೆ. ಕಮಾನು ಓಡಾಡುವ ಜಾಗದಲ್ಲಿ ತಂತಿಗೇ ರೋಸಿನ್ (ಕಮಾನಿಗೆ ಹಚ್ಚುವ ರಾಳ) ಸವರಿ. ಬಿಡಿ ಎಳೆ ಆಗಾಗ ತುಂಡಾಗುತ್ತದೆ. ಎಳೆಯಬೇಡಿ, ಎರಡೂ ತುದಿಯಲ್ಲಿ ಕತ್ತರಿಸಿ ಬಿಡಿ. ಹತ್ತು ಹದಿನೈದು ಎಳೆ ಹೋಗುವ ಹೊತ್ತಿಗೆ ದನಿ ತೆಳುವಾದದ್ದು ಗೊತ್ತಾಗುತ್ತದೆ. ಆಗ ಕಟ್ಟನ್ನೇ ಬದಲಿಸಿ.

ಬ್ರಿಡ್ಜ್ ಎರಡು. ಮೇಲಿನ ಚಿಕ್ಕದು ಬಿರಡೆಗಳ ಕೆಳಗೆ, ಕೂಡಿಸಿದ್ದಷ್ಟೇ ಹೊರತು ಅಂಟಿಸಿದ್ದಲ್ಲ. ಅದನ್ನು ಮೇಲೆ ಕೆಳಗೆ ಕೂದಲೆಳೆಯಷ್ಟು ಸರಿಸಿ ಸಣ್ಣ ಶ್ರುತಿ ತಿದ್ದುತ್ತಾರೆ. ಕೆಳಗಿನ ದೊಡ್ಡ ಬ್ರಿಡ್ಜ್ ತಂತಿಯ ಎಳೆತಕ್ಕೆ ದಿನದಿನವೂ ಸ್ವಲ್ಪ ಮುಂದಕ್ಕೆ ವಾಲುತ್ತದೆ. ವಾರಕ್ಕೊಮ್ಮೆ ಪಕ್ಕದಿಂದ ನೋಡಿ ನೆಟ್ಟಗೆ ಮಾಡಬೇಕು. ವಾಲಿದ್ದನ್ನು ಹಾಗೇ ಬಿಟ್ಟರೆ ಒಂದು ದಿನ ಬಡಾರನೆ ಮಲಗುತ್ತದೆ, ಮುಖದ ಮೇಲೆ ಗುಳಿ ಬೀಳುತ್ತದೆ. ಬಿಡಿಭಾಗಗಳಲ್ಲಿ ಎರಡು ಜೊತೆ ತಂತಿ, ಒಂದು ದೊಡ್ಡ ಬ್ರಿಡ್ಜ್, ಎರಡು ಚಿಕ್ಕ ಬ್ರಿಡ್ಜ್, ಬಿರಡೆಯ ಕುಣಿಕೆ ದಾರ ಕೊಂಡುಕೊಂಡೇ ಹೊರಡಿ. ಇವು ಬರ್ಲಿನ್ನಿನ ಅಥವಾ ಸಿಡ್ನಿಯ ಪಿಟೀಲು ಅಂಗಡಿಯಲ್ಲಿ ಸಿಗುವುದಿಲ್ಲ. ಸೌಂಡ್‌ಪೋಸ್ಟ್ ಬಿದ್ದರೆ ಮಾತ್ರ ಚಿಂತೆ ಬೇಡ, ಪಿಟೀಲು ರಿಪೇರಿ ಬಲ್ಲ ಯಾರಾದರೂ ನಿಲ್ಲಿಸಿಕೊಡುತ್ತಾರೆ. ಕೆಲಸ ಅದೇ, ಸಲಕರಣೆಯೂ ಅದೇ.

ಹವೆಯ ಲೆಕ್ಕ

ಉಲಾನ್‌ಬಾತರಿನ ಹವೆ ಒಣ. ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಒಳಗೆ ಹೀಟರಿನ ಬಿಸಿ. ಅಂಥ ಒಣಹವೆಯಲ್ಲಿ ಕಟ್ಟಿದ ಮರ ತೇವದ ಊರಿಗೆ ಹೋದರೆ ನೀರು ಕುಡಿದು ಉಬ್ಬುತ್ತದೆ. ಮುಖ ಮೇಲೇಳುತ್ತದೆ, ಅದರ ಜೊತೆ ಬ್ರಿಡ್ಜ್ ಏರುತ್ತದೆ, ತಂತಿ ದಂಡಿಯಿಂದ ದೂರವಾಗುತ್ತದೆ. ಬೆರಳಿಗೆ ಪಕ್ಕನೆ ಭಾರ ಅನ್ನಿಸಿದರೆ ಇದೇ ಕಾರಣ. ಸಿಡ್ನಿಯ ಬೇಸಿಗೆ, ಸಿಂಗಪುರ, ಮುಂಬೈ, ಮಂಗಳೂರಿನಂಥ ಕರಾವಳಿಗೆ ಹೋಗುವವರು ಸ್ವಲ್ಪ ತಗ್ಗಿನ ಇನ್ನೊಂದು ಬ್ರಿಡ್ಜ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಜರ್ಮನಿಯ ಚಳಿಗಾಲ ಇದಕ್ಕೆ ತಿರುಗಾಮುರುಗಾ: ಹೀಟರ್ ಹಾಕಿದ ಕೋಣೆಯಲ್ಲಿ ಮರ ಕುಗ್ಗಿ ಅಂಟು ಬಿಡುತ್ತದೆ. ವಾದ್ಯ ಇಡುವ ಪೆಟ್ಟಿಗೆಯೊಳಗೆ ತೇವಾಂಶ ಶೇ 40ರಿಂದ 60ರೊಳಗೆ ಇರಲಿ. ತೇವಾಂಶ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್, ತೇವ ಹಿಡಿದಿಡುವ ಪೊಟ್ಟಣ, ಇಷ್ಟೇ ಖರ್ಚು. ಚರ್ಮದ ಮುಖದ ವಾದ್ಯಕ್ಕೆ ಇಷ್ಟು ಸಾಲದು. ತೇವ ಏರಿದಾಗ ಚರ್ಮ ಸಡಿಲಾಗಿ ಬ್ರಿಡ್ಜ್ ಕುಸಿದು ದನಿ ಮಂಕಾಗುತ್ತದೆ. ಒಣಗಿದಾಗ ಅಂಚಿನಲ್ಲಿ ಬಿರಿಯುತ್ತದೆ. ಅದನ್ನು ಹೊರದೇಶದಲ್ಲಿ ಮತ್ತೆ ಬಿಗಿಸಿಕೊಡುವವರು ಸಿಗುವುದು ಕಷ್ಟ.

ಕಂಠದ ಜೊತೆ ಕೂಡಿಸುವುದು

ಈ ವಾದ್ಯ ಒಂಟಿಯಾಗಿ ಚೆನ್ನಾಗಿ ನುಡಿದರೆ ಸಾಲದು, ಕಂಠದ ಜೊತೆ ಹೊಂದಬೇಕು. ಮಂಗೋಲಿಯಾದಲ್ಲಿ ಈಗ ರೂಢಿಯ ಶ್ರುತಿ ದಪ್ಪ ತಂತಿಗೆ ಎಫ್, ತೆಳುವಿಗೆ ಬಿ-ಫ್ಲಾಟ್. ನಮ್ಮ ಲೆಕ್ಕದಲ್ಲಿ ತೆಳು ತಂತಿ ಷಡ್ಜವಾದರೆ ದಪ್ಪದ್ದು ಅದರ ಕೆಳಗಿನ ಪಂಚಮ. ಚೀನಾದ ಒಳಮಂಗೋಲಿಯಾದ ವಾದ್ಯಗಳನ್ನು ಸಾಮಾನ್ಯವಾಗಿ ಇದಕ್ಕಿಂತ ಮೇಲೆ ಏರಿಸುತ್ತಾರೆ, ಅವುಗಳ ದನಿ ಹೆಚ್ಚು ಹರಿತ, ಬಿಗಿ. ಗುಂಪಿನಲ್ಲಿ ಎದ್ದು ಕೇಳಿಸಲು ಅದು ಒಳ್ಳೆಯದು. ಹಾಡುತ್ತ ನುಡಿಸುವವನಿಗೆ ಉಲಾನ್‌ಬಾತರಿನ ತಗ್ಗು ಶ್ರುತಿಯ ವಾದ್ಯವೇ ಹಿತ, ಏಕೆಂದರೆ ಅದು ಕಂಠದ ಜಾಗವನ್ನು ಆಕ್ರಮಿಸುವುದಿಲ್ಲ.

ಸೀಟಿಯಂಥ ಸ್ವರ ಬರುವ ಇಸ್ಗೆರೆ ಖೂಮಿಯಲ್ಲಿ ಗಾಯಕ ಒಂದೇ ಆಧಾರ ಸ್ವರ ಹಿಡಿದು, ನಾಲಿಗೆ ತುಟಿಗಳ ಆಕಾರದಿಂದ ಅದರೊಳಗಿನ ಉಪಸ್ವರಗಳನ್ನು (ಆಧಾರದ ಎರಡು, ಮೂರು, ನಾಲ್ಕು ಪಟ್ಟು, ಹೀಗೆ ಏರುವ ಆವರ್ತಾಂಕದ ಸ್ವರಗಳನ್ನು) ಒಂದೊಂದಾಗಿ ಎತ್ತಿ ಕೇಳಿಸುತ್ತಾನೆ. ತಂಬೂರಿಯ ಜವಾರಿಯಲ್ಲಿ ಕಿವಿಯಾಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಧಾರ ಸುಮಾರು 175 ಹರ್ಟ್ಸ್‌ನ ಎಫ್ ಅಂತಿಟ್ಟುಕೊಳ್ಳಿ, ಇಲ್ಲಿ ಷಡ್ಜ ಅದೇ. 6ನೇ ಉಪಸ್ವರ 1048 ಹರ್ಟ್ಸ್, ಅಂದರೆ ಪಂಚಮ. 8ನೇದು 1397, ಮೇಲಿನ ಷಡ್ಜ. 9ನೇದು ಚತುಶ್ರುತಿ ರಿಷಭ, 10ನೇದು ಅಂತರ ಗಾಂಧಾರ, 12ನೇದು 2095 ಹರ್ಟ್ಸ್‌ನ ಪಂಚಮ. ಮೋಹನ ರಾಗದ ನಾಲ್ಕು ಸ್ವರ ತಾವಾಗಿಯೇ ಸಿಕ್ಕವು. ಕಗ್ಗಂಟು ಇರುವುದು ಧೈವತದಲ್ಲಿ. ಅದರ ಹತ್ತಿರ ಬರುವ 13ನೇ ಉಪಸ್ವರ ಸರಿಯಾದ ಚತುಶ್ರುತಿ ಧೈವತಕ್ಕಿಂತ ಸುಮಾರು 44 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ, ಹತ್ತಿರಹತ್ತಿರ ಕಾಲು ಸ್ವರ. ಕಂಠ ಅಲ್ಲಿ ನಿಂತಿರುವಾಗ ಖೂರಿನಲ್ಲಿ ಸರಿಯಾದ ಧೈವತ ನುಡಿಸಿದರೆ ಕಿವಿ ಚುಚ್ಚುತ್ತದೆ. ಅನುಭವಸ್ಥರು ಧೈವತವನ್ನು ವಾದ್ಯಕ್ಕೆ ಬಿಟ್ಟು ಕಂಠದಲ್ಲಿ ಅದನ್ನು ದಾಟಿಹೋಗುತ್ತಾರೆ, ಇಲ್ಲವೇ ಆ ಕ್ಷಣ ಕಮಾನನ್ನು ಬರೀ ತೆರೆದ ತಂತಿಯ ಮೇಲೆ ಇಡುತ್ತಾರೆ. 7 ಮತ್ತು 11ನೇ ಉಪಸ್ವರಗಳಿಗೂ ಇದೇ ಎಚ್ಚರ. ಪಿಯಾನೋ, ಗಿಟಾರ್ ಜೊತೆ ಕೂಡಿ ನುಡಿಸುವ ಹೊರದೇಶದ ಪ್ರಯೋಗಗಳಲ್ಲಿ ಬಹುಪಾಲು ಎಡವಟ್ಟು ಆಗುವುದು ಇದೇ ಜಾಗದಲ್ಲಿ. ಪಿಯಾನೋ ಬಗ್ಗುವುದಿಲ್ಲ, ಉಪಸ್ವರವೂ ಬಗ್ಗುವುದಿಲ್ಲ, ಬಗ್ಗಬಲ್ಲದ್ದು ಖೂರ್ ಒಂದೇ. ತಂತಿ ಹಲಗೆಗೆ ತಾಗದೆ ಗಾಳಿಯಲ್ಲಿರುವ ಈ ವಾದ್ಯದ ನಿಜವಾದ ಹೆಚ್ಚುಗಾರಿಕೆ ಕಾಣುವುದು ಆಗ.

ಖೂಮಿಯ ಇನ್ನೊಂದು ಬಗೆಯಾದ ಖರ್ಖಿರಾ ಇದಕ್ಕೆ ವಿರುದ್ಧ ದಿಕ್ಕು. ಸ್ವರತಂತುಗಳ ಮೇಲಿರುವ ಹುಸಿ ಸ್ವರತಂತುಗಳೂ ಕಂಪಿಸತೊಡಗಿ, ಹಾಡುತ್ತಿರುವ ಸ್ವರದ ಅರ್ಧ ಆವರ್ತಾಂಕ, ಅಂದರೆ ಒಂದು ಸ್ಥಾಯಿ ಕೆಳಗಿನ ಗುಡುಗು ಹೊರಡುತ್ತದೆ. ಹುಣಸೂರು ಬಳಿಯ ಗುರುಪುರದ ಗ್ಯುದ್ಮೆದ್ ತಾಂತ್ರಿಕ ಮಠದ ಭಿಕ್ಷುಗಳ ಪಠಣ ಕೇಳಿದವರಿಗೆ ಈ ಆಳ ಹೊಸದಲ್ಲ, ತಂತ್ರ ಹತ್ತಿರದ್ದೇ. ಎಫ್‌ನಲ್ಲಿ ಹಾಡಿದರೆ ಈ ಗುಡುಗು 87 ಹರ್ಟ್ಸ್, ಕೆಳಗಿನ ಬಿ-ಫ್ಲಾಟ್‌ನಲ್ಲಾದರೆ ಸುಮಾರು 58. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಮರದ ಮುಖದ ಪೆಟ್ಟಿಗೆ ತೊಡೆಗಳ ನಡುವೆ ಇರುವುದರಿಂದ ಖರ್ಖಿರಾ ಹಾಡುವಾಗ ಅದೂ ಜೊತೆಗೆ ಗುಂಯ್‌ಗುಡುತ್ತದೆ. ಚಿಕ್ಕ ಕೋಣೆಯಲ್ಲಿ ಅದು ರೋಮಾಂಚನ. ದೊಡ್ಡ ವೇದಿಕೆಯಲ್ಲಿ ಅದೇ ತಲೆನೋವು.

ವೇದಿಕೆ, ಮೈಕು

ಎಲೆಕ್ಟ್ರಿಕ್ ಗಿಟಾರಿನ ಮ್ಯಾಗ್ನೆಟಿಕ್ ಪಿಕಪ್ ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ಉಕ್ಕಿನ ತಂತಿ ಬೇಕು. ನೈಲಾನೋ ಕೂದಲೋ ಅದಕ್ಕೆ ಕಾಣುವುದೇ ಇಲ್ಲ. ಉಳಿಯುವ ದಾರಿ ಎರಡು: ಬ್ರಿಡ್ಜ್‌ನ ಕಾಲಿನ ಬಳಿ ಕೂರಿಸುವ ಪೀಜೋ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್), ಇಲ್ಲವೇ ಪೆಟ್ಟಿಗೆಗೆ ಸಿಕ್ಕಿಸುವ ಚಿಕ್ಕ ಕಂಡೆನ್ಸರ್ ಮೈಕು. ಡ್ರಮ್, ಬಾಸ್ ಇರುವ ತಂಡವಾದರೆ ಪೀಜೋ. ಇಬ್ಬರು ಮೂವರ ಕಛೇರಿಯಾದರೆ ಮೈಕು. ಪೀಜೋವನ್ನು ನೇರ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಚುಚ್ಚುವುದು ಎಲ್ಲರೂ ಮಾಡುವ ಎಡವಟ್ಟು. ಅಲ್ಲಿನ ಇನ್‌ಪುಟ್ ಇಂಪೀಡೆನ್ಸ್ (ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ) ಸಾಮಾನ್ಯವಾಗಿ 10 ಕಿಲೋಓಮಿನ ಆಸುಪಾಸು; ಪೀಜೋಗೆ ಕನಿಷ್ಠ 1 ಮೆಗಾಓಮ್ ಬೇಕು. ಸಿಗದಿದ್ದರೆ ಮಂದ್ರವೆಲ್ಲ ಸೋರಿ ದನಿ ಡಬ್ಬ ಬಡಿದ ಹಾಗೆ ಬರುತ್ತದೆ. ಜನ ವಾದ್ಯವನ್ನು ಬಯ್ಯುತ್ತಾರೆ, ತಪ್ಪು ಕೇಬಲ್ ಅನ್ನು ಚುಚ್ಚಿದ ಜಾಗದ್ದು. ಪೀಜೋಗೆಂದೇ ಇರುವ ಪ್ರೀಆಂಪ್ ಅಥವಾ ಹೆಚ್ಚು ಇಂಪೀಡೆನ್ಸಿನ ಡಿಐ ಪೆಟ್ಟಿಗೆ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಸಾಧನ) ನಿಮ್ಮ ಚೀಲದಲ್ಲೇ ಇರಲಿ, ವೇದಿಕೆಯವರದನ್ನು ನಂಬಿಕೊಳ್ಳಬೇಡಿ.

ಕಂಠದ ಮೈಕಿನಲ್ಲಿ ಎರಡು ಸಂಗತಿ ಧ್ವನಿ ತಂತ್ರಜ್ಞನಿಗೆ ಮೊದಲೇ ಬರೆದು ಕೊಡಿ. ಒಂದು, ಲೋ-ಕಟ್ ಆಫ್. ಗಾಯನದ ಚಾನೆಲ್ಲಿನಲ್ಲಿ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಕಡಿದುಹಾಕುವುದು ಅವರಿಗೆ ಅಭ್ಯಾಸಬಲ. ಖರ್ಖಿರಾ ಇರುವುದೇ 58 ಮತ್ತು 87ರಲ್ಲಿ. ಕಡಿದರೆ ಕೇಳುಗನಿಗೆ ಉಳಿಯುವುದು ಗಂಟಲು ಕೆಟ್ಟವನ ಕೆಮ್ಮಿನಂಥ ಸದ್ದು. ಎರಡು, 1000ದಿಂದ 2100 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಮುಟ್ಟಬಾರದು. ಸೀಟಿಯ ರಾಗ ಪೂರ್ತಿ ಅಲ್ಲೇ ಇದೆ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಕಿರುಚುವ ಫೀಡ್‌ಬ್ಯಾಕ್ ಬಂದೊಡನೆ ಅವರ ಕೈ ಹೋಗುವುದೂ ಅಲ್ಲಿಗೇ, ಏಕೆಂದರೆ ಯಂತ್ರಕ್ಕೂ ಕಿವಿಗೂ ಆ ಸೀಟಿ ಫೀಡ್‌ಬ್ಯಾಕಿನಂತೆಯೇ ಕೇಳುತ್ತದೆ. ತಾನೇ ಫೀಡ್‌ಬ್ಯಾಕ್ ಹುಡುಕಿ ಕೊಲ್ಲುವ ಉಪಕರಣ ಚಾಲೂ ಇದ್ದರಂತೂ ಗಾಯಕ ಒಂದು ಸ್ವರದಲ್ಲಿ ಎರಡು ಕ್ಷಣ ನಿಂತರೆ ಸಾಕು, ಅದನ್ನೇ ಕತ್ತರಿಸಿ ಬಿಸಾಡುತ್ತದೆ. ವಿಡಿಯೊ ಕರೆಯಲ್ಲಿ ಪಾಠ ಹೇಳಿ ಬಾಡಿಗೆ ಕಟ್ಟುವವರಿಗೂ ಇದೇ ಗ್ರಹಚಾರ. ಹಿನ್ನೆಲೆ ಗದ್ದಲ ಅಡಗಿಸುವ ಸೌಲಭ್ಯ ಬಂದ್ ಮಾಡದಿದ್ದರೆ ಖೂಮಿಯ ಆಧಾರ ಸ್ವರ ಫ್ಯಾನಿನ ಸದ್ದೆಂದು ತೀರ್ಮಾನವಾಗಿ ಮಾಯವಾಗುತ್ತದೆ.

ಕಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾದ್ಯದ ಜೊತೆ ಬರುವ ಕಮಾನು ಸಾಮಾನ್ಯವಾಗಿ ಸುಮಾರು, ಬದಲಿಸಿಕೊಳ್ಳಿ. ಹಿಡಿತ ಕೆಳಗಿನಿಂದ, ಉಂಗುರಬೆರಳು ಕಿರುಬೆರಳು ಕೂದಲನ್ನೇ ಒತ್ತಿ ಬಿಗಿ ಮಾಡುತ್ತವೆ. ಆದ್ದರಿಂದ ಕೂದಲು ಸಡಿಲವೇ ಇರಬೇಕು. ಪಿಟೀಲಿನವರಿಗೆ ಕೊಟ್ಟು ಕೂದಲು ಹಾಕಿಸುವಾಗ ಇದನ್ನು ಹೇಳದಿದ್ದರೆ ಬಿಗಿಯಾಗಿ ಕಟ್ಟಿ ಕೊಡುತ್ತಾರೆ. ರೋಸಿನ್ ಚೆಲ್ಲೋದ್ದು ನಡೆಯುತ್ತದೆ.

ವಿಮಾನ, ಸುಂಕದ ಕಟ್ಟೆ

ಒಂದು ಮೀಟರಿಗಿಂತ ಉದ್ದದ ಈ ವಾದ್ಯ ಕೈಸಾಮಾನಿನ ಅಳತೆಗೆ ಕೂರುವುದಿಲ್ಲ. ಖರ್ಚಾದರೂ ಸರಿ ಅನ್ನುವವರು ಪಕ್ಕದ ಸೀಟನ್ನೇ ವಾದ್ಯಕ್ಕೆಂದು ಕೊಳ್ಳಬಹುದು. ವಿಮಾನ ಕಂಪನಿಗಳ ಬುಕಿಂಗಿನಲ್ಲಿ ಅದಕ್ಕೆ ಸಿಬಿಬಿಜಿ ಎಂಬ ಸಂಕೇತವಿದೆ, ಆ ಅಕ್ಷರಗಳನ್ನೇ ಹೇಳಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ಗಟ್ಟಿ ಪೆಟ್ಟಿಗೆ, ಸಾಮಾನಿನ ಡಬ್ಬಿಗೆ. ವಾದ್ಯದ ಜೊತೆ ಬರುವ ಮೆತ್ತನೆ ಚೀಲ ಬಸ್ಸಿಗೆ ಸರಿ, ವಿಮಾನಕ್ಕಲ್ಲ. ಮೊದಲು ಮುರಿಯುವುದು ಕುದುರೆಯ ಕಿವಿ, ಆಮೇಲೆ ಬಿರಡೆ, ದುರದೃಷ್ಟ ಇದ್ದರೆ ದಂಡಿ. ತಲೆಯ ಸುತ್ತ ನಾಲ್ಕೂ ಕಡೆ ಸ್ಪಂಜು ಒತ್ತಿ, ಪೆಟ್ಟಿಗೆಯೊಳಗೆ ತಲೆ ಅಲುಗದಂತೆ ಮಾಡಿ. ತಂತಿಯನ್ನು ಒಂದೂವರೆ ಎರಡು ಸ್ವರ ಇಳಿಸಿ ಸಾಕು, ಪೂರ್ತಿ ಬಿಚ್ಚಬೇಡಿ. ಬ್ರಿಡ್ಜ್‌ನ ಎರಡೂ ಪಕ್ಕ ಮಡಿಸಿದ ಬಟ್ಟೆ ತುರುಕಿ.

ಕಾಗದಪತ್ರದ ವಿಷಯ. ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಕುದುರೆ ಕೂದಲು, ಚರ್ಮ ಎರಡನ್ನೂ ಪ್ರಾಣಿಜನ್ಯ ವಸ್ತು ಎಂದು ಘೋಷಿಸಲೇಬೇಕು. ಕಮಾನಿನ ಕೂದಲನ್ನೂ ಸೇರಿಸಿ. ಚರ್ಮದ ಮುಖದ ವಾದ್ಯಕ್ಕೆ ಪ್ರಶ್ನೆ ಜಾಸ್ತಿ, ಮರದ ಮುಖಕ್ಕೂ ನೈಲಾನ್ ತಂತಿಗೂ ಕಡಿಮೆ. ದಂಡಿಗೋ ಅಲಂಕಾರಕ್ಕೋ ಬೀಟೆ ಜಾತಿಯ ಮರ ಬಳಸಿದ್ದರೆ ಹೆದರಬೇಕಿಲ್ಲ: 2017ರಲ್ಲಿ ಆ ಮರಗಳೆಲ್ಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣಕ್ಕೆ ಬಂದಾಗ ಗೋಳಾದದ್ದು ನಿಜ, ಆದರೆ 2019ರ ನವೆಂಬರಿನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಇದೆ, ಬ್ರೆಜಿಲ್‌ನ ಬೀಟೆಗೆ ಮಾತ್ರ ಆ ವಿನಾಯಿತಿ ಇಲ್ಲ. ಬಿಳಿ ಮೂಳೆಯ ಕುಸುರಿ ಬೇಡವೆಂದು ತಯಾರಕನಿಗೆ ಮೊದಲೇ ಹೇಳಿ. ಮೂಳೆ ತಪ್ಪಲ್ಲ, ಆದರೆ ಸುಂಕದವರ ಕಣ್ಣಿಗೆ ಅದು ಆನೆದಂತ. ಮಂಗೋಲಿಯಾದಿಂದ ಹಳೆಯ ವಾದ್ಯ ಹೊರಗೊಯ್ಯಲು ಪರವಾನಗಿ ಬೇಕು, ಹಾಗಾಗಿ ವಾದ್ಯ ಹೊಸದೆಂದು ತಿಳಿಸುವ ರಸೀದಿ ಪೆಟ್ಟಿಗೆಯಲ್ಲೇ ಇರಲಿ. ಅಮೆರಿಕಕ್ಕೆ ಹೋಗುವವರು ಕಲಾವಿದರಿಗೆಂದಿರುವ ಪಿ-3 ವೀಸಾ ಕೇಳುವಾಗ ಈ ಕಲೆ ಒಂದು ಸಂಸ್ಕೃತಿಗೆ ವಿಶಿಷ್ಟವಾದದ್ದು ಎಂದು ತೋರಿಸಬೇಕಾಗುತ್ತದೆ. ಮೊರಿನ್ ಖೂರ್ ಸಂಗೀತ 2008ರಲ್ಲೂ ಮಂಗೋಲಿಯಾದ ಖೂಮಿ 2010ರಲ್ಲೂ ಯುನೆಸ್ಕೋ ಪಟ್ಟಿಗೆ ಸೇರಿದ್ದು ಅಲ್ಲಿ ನೇರ ಪ್ರಯೋಜನಕ್ಕೆ ಬರುತ್ತದೆ.

ಇನ್ನು ಚರ್ಮದ ಮುಖದ್ದು. ಕೈಯಲ್ಲಿ ಹಣವಿದ್ದು ಎರಡನೇ ವಾದ್ಯ ಕೊಳ್ಳುವುದಾದರೆ ಅದನ್ನೇ ಕೊಳ್ಳಿ, ಕುದುರೆ ಕೂದಲ ತಂತಿಯ ಸಮೇತ, ಮತ್ತು ಅದನ್ನು ಮನೆಯಿಂದ ಕದಲಿಸಬೇಡಿ. ಧ್ವನಿಮುದ್ರಣದ ಕೋಣೆಯಲ್ಲಿ ಹವೆ ಹತೋಟಿಯಲ್ಲಿರುತ್ತದೆ, ಶ್ರುತಿ ಇಳಿದರೆ ಇನ್ನೊಮ್ಮೆ ನುಡಿಸಬಹುದು. ಒಂದು ಒಳ್ಳೆಯ ಕಂಡೆನ್ಸರ್ ಮೈಕನ್ನು ಪೆಟ್ಟಿಗೆಯಿಂದ ಮೊಳದಷ್ಟು ದೂರದಲ್ಲಿ, ರೋಸಿನ್ ಪುಡಿ ಬೀಳದ ಹಾಗೆ ಸ್ವಲ್ಪ ಓರೆಯಾಗಿ ಇಟ್ಟರೆ, ಮರದ ಮುಖದಲ್ಲಿ ಎಷ್ಟು ತಿದ್ದಿದರೂ ಬರದ ಆ ಉಸಿರು ಮೊದಲ ಸಲಕ್ಕೇ ಸಿಕ್ಕುತ್ತದೆ. ಧ್ವನಿಮುದ್ರಣಕ್ಕೆ ಮರದ ಮುಖದ್ದನ್ನು ಒಯ್ಯುವುದು ಕೈಯಲ್ಲಿ ಬೇರೆ ವಾದ್ಯ ಇಲ್ಲದಿದ್ದಾಗ ಮಾತ್ರ.